ಎರಡು ಘಳಿಗೆಯ ಲೆಕ್ಕ

ವ್ಯಾಪಾರಿಯಾದವನು ಹಿಂದಿನ ವರ್ಷದ ಕಿರ್ದಿಯನ್ನು ನೋಡಿ ಮುಂದಿನ ವರ್ಷದ ಅಂದಾಜು ಕಟ್ಟುತ್ತಾನೆ. ಹತ್ತಿ, ಕಾಳುಕಡಿಗಳ ವಿಷಯದಲ್ಲಿ ಇದು ಅನೇಕ ಸಲ ಸರಿಹೋಗುವುದೂ ಉಂಟು. ಬಿ.ಕಾಂ. ಮುಗಿಸಿ ಅಡತಿ ಅಂಗಡಿಯಲ್ಲಿ ಕುಳಿತ ನಾನು ಇದೇ ಬುದ್ಧಿಯನ್ನು ನನ್ನ ಧರ್ಮಪತ್ನಿಯ ಎರಡನೆಯ ಹೆರಿಗೆಗೂ ಅನ್ವಯಿಸಿದೆ. 1985ರಲ್ಲಿ ತವರಿನಲ್ಲಿ ಆದ ಚೊಚ್ಚಲ ಹೆರಿಗೆಗೆ ಹದಿನಾರು ಗಂಟೆ ಹಿಡಿದಿತ್ತು. ತಾಲೂಕಿನ ಆಸ್ಪತ್ರೆ ನಮ್ಮೂರಿನಿಂದ ಹದಿನಾಲ್ಕು ಕಿಲೋಮೀಟರು. ನೆರೆಮನೆಯವರು ತಮ್ಮ ಅಂಬಾಸಿಡರ್ ಕಾರು ಕೊಡುವುದಾಗಿ ಮಾತು ಕೊಟ್ಟಿದ್ದರು. ಇನ್ನೇನು ಚಿಂತೆ?

1989ರ ಚಾತುರ್ಮಾಸದ ದಿನಗಳವು. ಬೆಳಗಾವಿಯ ಕಡೆಯ ಆ ಜಿಟಿಜಿಟಿ ಮಳೆ. ವೈದ್ಯರು ಹೇಳಿದ್ದ ದಿನಕ್ಕೆ ಇನ್ನೂ ಹನ್ನೆರಡು ದಿನ ಬಾಕಿ ಇತ್ತು. ಬೆಳಗಿನ ಐದು ಗಂಟೆಗೆ ಆಕೆ ಎದ್ದು, "ಟೊಂಕ ಹಿಡಿದ್ಹಂಗ ಆಗೇದ್ರಿ" ಎಂದಳು. "ಹೊತ್ತು ಅದ, ಸ್ವಲ್ಪ ಮಲಗು" ಎಂದು ಹೇಳಿ ನಾನು ಐದೂಕಾಲಕ್ಕೆ ಸಾಮಾಯಿಕಕ್ಕೆ ಕುಳಿತೆ. ತಾಯಿಯವರು ಅಭಿಷೇಕಕ್ಕೆಂದು ಬಸದಿಗೆ ಹೋಗಿದ್ದರು. ಮಗಳು ನಿದ್ದೆಯಲ್ಲಿದ್ದಳು.

ವಾಚಕರಿಗೆ ತಿಳಿದಂತೆ ಸಾಮಾಯಿಕದ ಅವಧಿ ಎರಡು ಘಳಿಗೆ, ಎಂದರೆ 48 ನಿಮಿಷ. ಅದರ ಅರ್ಧದಲ್ಲಿ ಒಳಕೋಣೆಯಿಂದ ಅದುಮಿದ ಒಂದು ಸದ್ದು ಬಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಅದನ್ನು ಚಿತ್ತವಿಕ್ಷೇಪವೆಂದು ಎಣಿಸಿ ಮನಸ್ಸನ್ನು ಮತ್ತೆ ಮಣಿಗೆ ತಂದೆ. ಅಷ್ಟೇ ಅಲ್ಲ, ನನ್ನ ಸ್ಥೈರ್ಯದ ಬಗ್ಗೆ ಒಳಗೊಳಗೇ ಸಂತೋಷವನ್ನೂ ಪಟ್ಟೆನೆಂಬುದನ್ನು ಮರೆಮಾಚಲಾರೆ.

ಎದ್ದು ಒಳಗೆ ಹೋದಾಗ ಆಕೆ ಮಂಚದ ಕಾಲನ್ನು ಹಿಡಿದು ಮೊಣಕಾಲೂರಿ ಕುಳಿತಿದ್ದಳು. ನೆತ್ತಿನೀರು ಆಗಲೇ ಹೋಗಿತ್ತು. ನಾನು ಕಾರಿಗೆ ಓಡುವುದೋ, ಹಿಂದಿನ ಓಣಿಯ ಸೂಲಗಿತ್ತಿಯಲ್ಲಿಗೆ ಓಡುವುದೋ ತಿಳಿಯದೆ ಎರಡೂ ಕಡೆಗೆ ಓಡಿದೆ. ಓಣಿಯವರೆಲ್ಲ ಆಯಿ ಎಂದು ಕರೆಯುತ್ತಿದ್ದ ಆ ವೃದ್ಧೆ ಬಂದು ಒಮ್ಮೆ ನೋಡಿ, "ಸಾವ್ಕಾರ್ರ, ಗಾಡಿ ಬ್ಯಾಡ. ಹಾದ್ಯಾಗ ಹಡದಾಳು. ನೀರು ಕಾಸ್ರಿ" ಎಂದಳು. ನೀರು ಕುದಿಯುವುದಕ್ಕೂ ಕೂಸಿನ ಅಳು ಕೇಳುವುದಕ್ಕೂ ಸರಿಹೋಯಿತು. ಗಂಟೆ ಆರೂ ನಲವತ್ತು.

ಹೀಗೆ ನೋವು ಆರಂಭವಾಗಿ ಮೂರು ಗಂಟೆಗಳೊಳಗೆ ಮುಗಿಯುವ ಹೆರಿಗೆಗೆ ವೈದ್ಯರು ಪ್ರಿಸಿಪಿಟೇಟ್ ಲೇಬರ್ ಎನ್ನುತ್ತಾರೆಂದು ಮುಂದೆ ಓದಿ ತಿಳಿದೆ. ಒಮ್ಮೆ ಹೆತ್ತವರಲ್ಲಿ ದಾರಿ ಬೇಗ ಸಡಿಲುವುದರಿಂದ ಇದು ಹೆಚ್ಚು. ಸುಲಭ ಪ್ರಸವವೆಂದು ಕೇಳಿದವರು ಹರ್ಷಪಡುತ್ತಾರೆ. ಆದರೆ ತಾಯಿಗೆ ಮೈ ಹರಿಯುವ, ರಕ್ತಸ್ರಾವವಾಗುವ ಭಯವೂ, ಕೂಸಿಗೆ ತಣ್ಣಗಾಗುವ ಭಯವೂ ಇರುತ್ತದೆ. ಆಯಿ ಕೂಸನ್ನು ಎಳೆಯಲಿಲ್ಲ, ಬಂದಂತೆ ಕೈಯೊಡ್ಡಿದಳು. ಒಗೆದ ಹಳೆಯ ಸೀರೆಯಿಂದ ಒರೆಸಿ, ತಾಯಿಯ ಎದೆಯ ಮೇಲೆಯೇ ಮಲಗಿಸಿ, ಇಬ್ಬರಿಗೂ ಒಂದೇ ಕಂಬಳಿ ಹೊದಿಸಿದಳು. ಹೊಕ್ಕುಳಬಳ್ಳಿಯ ಬಡಿತ ನಿಲ್ಲುವವರೆಗೆ ಕಾದಳು. ಅನಂತರವೇ ಕುದಿಸಿದ ನೂಲು, ಹೊಸ ಬ್ಲೇಡು. ಮೊಲೆಗೆ ಹಚ್ಚಿದರೆ ಗರ್ಭಕೋಶ ಬಿಗಿಯುತ್ತದೆ, ರಕ್ತ ತಡೆಯುತ್ತದೆ ಎಂದು ಆಕೆಗೆ ಯಾರು ಕಲಿಸಿದ್ದರೋ! ಬಳ್ಳಿಯನ್ನು ಕತ್ತರಿಸಲು ಅವಸರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಮಾಸು ಬಿದ್ದ ಮೇಲೆ ಕಾರು ಬಂದಿತು. ಆಸ್ಪತ್ರೆಯಲ್ಲಿ ತೋರಿಸಿ ಕರೆತಂದೆವು.

ಆ ದಿನದ ಕಿರ್ದಿಯಲ್ಲಿ ನನ್ನ ಅಕ್ಷರದಲ್ಲಿಯೇ ಇದೆ: ಆಯಿಗೆ 101 ರೂ., ಸೀರೆ 1. ಖರ್ಚಿನ ಬಾಜುವಿಗೆ ಬರೆದು ಗೆರೆ ಎಳೆದೆ. ಸೂತಕದ ದಿನಗಳನ್ನು ಒಂದೂ ತಪ್ಪದೆ ಎಣಿಸಿ ಬಸದಿಯ ಮೆಟ್ಟಿಲು ತುಳಿಯದೆ ಇದ್ದೆ. 2018ರಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಯಲ್ಲಿ ಅವರ ಚಿತ್ರ ನೋಡುತ್ತ ನಮ್ಮ ಆಯಿಯನ್ನು ನೆನೆದೆ. ಅಷ್ಟು ಹೊತ್ತಿಗೆ ಆಕೆ ಇರಲಿಲ್ಲ.

ಆದರೆ ನಾನು ಬರೆಯಲು ಕುಳಿತದ್ದು ಬೇರೆಯದಕ್ಕೆ. ಅಂದು ಸಂಜೆ ಆಕೆ ಕೇಳಿದಳು: "ನೀವು ಕುಂತಿದ್ರಿ, ಎಬ್ಬಿಸಬಾರದು ಅಂತ ತಡಕೊಂಡೆ. ಆದ್ರೂ ಎರಡು ಸಲ ನರಳಿದೆ. ನಿಮಗ ಕೇಳಸಲಿಲ್ಲೇನ್ರಿ?" ನಾನು "ಇಲ್ಲ" ಎಂದೆ.

ನೂರು ನಿಮಿಷದ ಪ್ರಸವದಲ್ಲಿ ನಾನು 48 ನಿಮಿಷ ಕಣ್ಣು ಮುಚ್ಚಿ ಕುಳಿತವನು. ಅದನ್ನು ಅಜ್ಞಾನವೆನ್ನಬಹುದು. ಸತ್ಯಾಣುವ್ರತ ತೊಟ್ಟವನು ಬಾಣಂತಿಯೆದುರು ಆಡಿದ ಆ ಒಂದು ಮಾತನ್ನು ಏನೆನ್ನಲಿ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಾಮಾಯಿಕವನ್ನು ಹೇಳಿದ ಶಿಕ್ಷಾವ್ರತಗಳ ಸಾಲಿನಲ್ಲಿಯೇ ವೈಯಾವೃತ್ಯವನ್ನೂ ಹೇಳಿದ್ದಾರೆ. ಅದು ಮುಖ್ಯವಾಗಿ ಸಂಯಮಿಗಳ ಸೇವೆ. ಮನೆಯ ಹೆಣ್ಣುಮಗಳ ನೋವಿನವರೆಗೆ ಅದನ್ನು ಎಳೆದು ತರುವುದು ನನ್ನ ಸ್ವಾತಂತ್ರ್ಯ, ಪಂಡಿತರು ಕ್ಷಮಿಸಬೇಕು. ಮನೆಯಲ್ಲಿ ದಿನ ತುಂಬಿದವರಿದ್ದಾಗ, "ಕರೆದರೆ ಏಳುತ್ತೇನೆ" ಎಂದು ಮೊದಲೇ ಹೇಳಿ ಕುಳಿತುಕೊಳ್ಳಿರೆಂದು ಈಗ ಕಿರಿಯರಿಗೆ ಹೇಳುತ್ತೇನೆ.

ಕಳೆದ ವರ್ಷ ಸೊಸೆ ಎರಡನೆಯ ಸಲ ಗರ್ಭಿಣಿಯಾಗಿದ್ದಳು. ಚೊಚ್ಚಲಕ್ಕೆ ಇಡೀ ರಾತ್ರಿ ಹಿಡಿದಿತ್ತು, ಅವಸರವಿಲ್ಲವೆಂದು ಬೀಗರು ಲೆಕ್ಕ ಹಾಕುತ್ತಿದ್ದರು. ಮೊದಲನೆಯದನ್ನು ನೋಡಿ ಎರಡನೆಯದನ್ನು ಅಳೆಯಬೇಡಿ, ಸೊಂಟ ಹಿಡಿದರೂ ಸಾಕು, 108ಕ್ಕೆ ಫೋನು ಮಾಡಿ ಎಂದೆ. 2008ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಆ ವಾಹನ 1989ರಲ್ಲಿ ಇರಲಿಲ್ಲ. ಕಿವಿ ಮಾತ್ರ ಇತ್ತು.

ಆ ರಾತ್ರಿ ಆಕೆಗೆ ಹೇಳಿದೆ: "ಅವತ್ತು ನನಗ ಕೇಳಿಸಿತ್ತು."

ಆಕೆ ಹೆಣೆಯುತ್ತಿದ್ದ ಕುಲಾವಿಯಿಂದ ಕಣ್ಣೆತ್ತಲಿಲ್ಲ. "ಗೊತ್ತದ. ಬಾಗಿಲಸಂದ್ಯಾಗಿಂದ ನೋಡಿದ್ದೆ. ನಾ ನರಳಿದಾಗ ಎರಡೂ ಸಲ ನಿಮ್ಮ ಬೆರಳು ಮಣಿ ಮ್ಯಾಲ ನಿಂತಿತ್ತು" ಎಂದಳು. ಸ್ವಲ್ಪ ತಡೆದು, ನಾಳೆ ಪೇಟೆಗೆ ಹೋದಾಗ ಹಳದಿ ಉಣ್ಣೆಯ ಇನ್ನೊಂದು ಉಂಡೆ ತರಲು ಹೇಳಿದಳು.