ಜಾಮೀನಿನ ಸಹಿ

ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ಶಾಲೆಯ ಮುಖ್ಯೋಪಾಧ್ಯಾಯನ ಸಹಿಗೆ ಅವನ ಸಂಬಳಕ್ಕಿಂತ ಹೆಚ್ಚಿನ ಬೆಲೆಯಿದೆ. ಹುಟ್ಟಿದ ದಿನಾಂಕಕ್ಕೆ, ನಡತೆಗೆ, ಓದಿದ ತರಗತಿಗೆ ಶಾಲೆಯ ದಾಖಲಾತಿ ಪುಸ್ತಕವೇ ಮೂಲ. ಅದರ ನಕಲನ್ನು ಕೇಳಿಕೊಂಡು ಬರುವವರು ಹಿಂದೆಲ್ಲ ಹೊಸೂರಿನ ಕಾರ್ಖಾನೆಗಳಿಗೆ ಸೇರುವ ಹುಡುಗರಾಗಿದ್ದರು. ಈಗ ಸಮುದ್ರ ದಾಟುವವರೂ ಬರುತ್ತಾರೆ. ಅಂಥ ಒಂದು ಕೋರಿಕೆಯ ವಿಷಯವನ್ನು, ಅದರ ಹಿಂದಿನ ಕಾನೂನಿನ ಮಾತುಗಳನ್ನೂ ಕೂಡಿಸಿ, ವಾಚಕರ ಮುಂದಿಡುತ್ತಿದ್ದೇನೆ. ಸಂಬಂಧಪಟ್ಟವರು ಎಲ್ಲರೂ ಬದುಕಿ ಬಾಳುತ್ತಿರುವವರಾದ್ದರಿಂದ ಹೆಸರುಗಳನ್ನು ಹೇಳುವುದಿಲ್ಲ.

ಗಡಿ ಎಂಬುದು ನಮಗೇನೂ ಹೊಸದಲ್ಲ. ನನ್ನ ತಂದೆಯವರು ಹುಟ್ಟಿದ್ದು ಸೇಲಂ ಜಿಲ್ಲೆಯಲ್ಲಿ. 1965ರಲ್ಲಿ ಧರ್ಮಪುರಿ ಬೇರೆಯಾದ್ದರಿಂದ ನಾನು ಹುಟ್ಟಿದ್ದು ಧರ್ಮಪುರಿ ಜಿಲ್ಲೆಯಲ್ಲಿ. 2004ರಲ್ಲಿ ಕೃಷ್ಣಗಿರಿ ಬೇರೆಯಾದ್ದರಿಂದ ನನ್ನ ಶಾಲೆಯ ಮಕ್ಕಳು ಹುಟ್ಟುತ್ತಿರುವುದು ಕೃಷ್ಣಗಿರಿ ಜಿಲ್ಲೆಯಲ್ಲಿ. ಮನೆ ಮಾತ್ರ ಒಂದೇ, ಬಾವಿಯೂ ಒಂದೇ. 1956ರಲ್ಲಿ ರಾಜ್ಯಗಳ ಗಡಿ ಗೊತ್ತಾದ ಮೇಲೂ ನಮ್ಮವರು ಬೆಂಗಳೂರಿನ ಪೇಟೆಗೆ ಹೋಗಿಬರಲು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ. ಆದುದರಿಂದಲೋ ಏನೋ, ಒಂದು ದೇಶದಲ್ಲಿ ಇಂತಿಷ್ಟೇ ದಿನ ಇರಬೇಕು, ಮೀರಿದರೆ ಅಪರಾಧ ಎಂಬ ಮಾತು ನಮ್ಮ ಹಿರಿಯರ ಮನಸ್ಸಿಗೆ ಸುಲಭವಾಗಿ ಇಳಿಯುವುದಿಲ್ಲ. "ಬಾಡಿಗೆ ಕೊಟ್ಟುಕೊಂಡು ಇದ್ದರೆ ಅವರಿಗೇನು ನಷ್ಟ?" ಎಂದು ಒಬ್ಬರು ನನ್ನನ್ನೇ ಕೇಳಿದ್ದುಂಟು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಐ.ಟಿ.ಐ.ಯಲ್ಲಿ ವಿದ್ಯುತ್ ಕೆಲಸ ಕಲಿತು 2015ರಲ್ಲಿ ದುಬೈಗೆ ಹೋದ. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಕೆಲಸ ಕೊಟ್ಟಿದ್ದ ಸಂಸ್ಥೆ ಬಾಗಿಲು ಹಾಕಿತು. ನಾಲ್ಕು ತಿಂಗಳ ಸಂಬಳ ಬರಲಿಲ್ಲ, ವೀಸಾ ನವೀಕರಣವಾಗಲಿಲ್ಲ. ಸಂಬಳ ಬಂದೀತೆಂದು ಕಾಯುತ್ತ ಕಾಯುತ್ತ ಅವಧಿ ಮೀರಿತು. ಮೀರಿದ ಮೇಲೆ ದಿನಕ್ಕಿಷ್ಟೆಂದು ದಂಡ ಏರತೊಡಗಿತು. ದಂಡ ಕಟ್ಟದೆ ಹೊರಡುವಂತಿಲ್ಲ, ದಂಡ ಕಟ್ಟಲು ಹಣವಿಲ್ಲ. ಹಗಲು ಕೋಣೆಯಲ್ಲಿ ಅಡಗಿ, ಸಂಜೆ ಸಿಕ್ಕ ಕೆಲಸ ಮಾಡಿ ಒಂದು ವರ್ಷಕ್ಕೂ ಮೇಲ್ಪಟ್ಟು ಕಳೆದ. ಆ ಕಾಲದಲ್ಲಿ ಅವನ ತಾಯಿಯ ಔಷಧಕ್ಕೂ ಮನೆಯ ಅಕ್ಕಿಗೂ ನೋಡಿಕೊಂಡವರು ಅವನ ಇಬ್ಬರು ಸ್ನೇಹಿತರು. ಅವರೂ ನನ್ನ ವಿದ್ಯಾರ್ಥಿಗಳೇ. ಒಬ್ಬ ತನ್ನ ಮೋಟಾರು ಬೈಕನ್ನೇ ಮಾರಿ ವಿಮಾನದ ಟಿಕೆಟ್ಟಿಗೆ ಹಣ ಕಳುಹಿಸಿದ. ಇದನ್ನು ಊರಿನಲ್ಲಿ ಯಾರೂ ಅರಿಯರು.

2018ರ ಆಗಸ್ಟ್ 1ರಂದು ಸಂಯುಕ್ತ ಅರಬ್ ಸಂಸ್ಥಾನವು ಇಂಥವರಿಗೆ ಕ್ಷಮಾದಾನದ ಅವಕಾಶವನ್ನು ತೆರೆಯಿತು. ಮೊದಲು ಮೂರು ತಿಂಗಳೆಂದು ಹೇಳಿ, ಆಮೇಲೆ ಡಿಸೆಂಬರ್ 31ರವರೆಗೆ ಬೆಳೆಸಿತು. ಅವಧಿ ಮೀರಿ ನಿಂತವರ ದಂಡ ಮನ್ನಾ ಆಯಿತು; ಮತ್ತೆ ಬರಬಾರದೆಂಬ ನಿಷೇಧವನ್ನೂ ಅವರ ಮೇಲೆ ಹೇರಲಿಲ್ಲ. 2007ರಲ್ಲಿ, 2012ರ ಕೊನೆಯಲ್ಲಿ, ಈಚೆಗೆ 2024ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಕೂಡ ಇಂಥ ಅವಕಾಶಗಳು ಬಂದಿವೆ. ನಮ್ಮ ಹುಡುಗ ಆ ನವೆಂಬರಿನಲ್ಲಿ ಊರಿಗೆ ಬಂದ. ರಜೆಯಲ್ಲಿ ಬಂದಿದ್ದಾನೆಂದು ತಾಯಿ ಎಲ್ಲರಿಗೂ ಹೇಳಿದಳು. 2021ರಲ್ಲಿ ಸಕ್ರಮವಾದ ಕೆಲಸದ ವೀಸಾ ಪಡೆದು ಮತ್ತೆ ಹೋದ. ಈಗ ಒಂದು ಕಟ್ಟಡದ ವಿದ್ಯುತ್ ಮೇಲ್ವಿಚಾರಕನಾಗಿದ್ದಾನೆ.

ಕಳೆದ 2025ರ ಆಗಸ್ಟಿನಲ್ಲಿ, ಆ ಇಬ್ಬರು ಸ್ನೇಹಿತರನ್ನು ತನ್ನ ಹೊಣೆಯ ಮೇಲೆ ಭೇಟಿಯ ವೀಸಾದಲ್ಲಿ ಕರೆಸಿಕೊಳ್ಳುವುದಾಗಿ ಅವನು ತಿಳಿಸಿದ. ಸ್ನೇಹಿತರ ತಂದೆಯರಿಬ್ಬರೂ ಶಾಲೆ ಬಿಟ್ಟ ಹೊತ್ತಿಗೆ ನನ್ನಲ್ಲಿಗೆ ಬಂದರು. ಅವರಲ್ಲೊಬ್ಬರು ಹೊಲವನ್ನು ಅಡವಿಡಲು ಮಾತಾಡಿಯೂ ಬಿಟ್ಟಿದ್ದರು. "ಮೇಷ್ಟ್ರೇ, ಹುಡುಗ ಅಲ್ಲಿ ನೆಟ್ಟಗಿದ್ದಾನೆಯೇ? ಅವನ ಮೇಲೆ ಕೇಸು ಗೀಸು ಏನಾದರೂ ಉಂಟೋ? ನೀವು ಹೂಂ ಅಂದರೆ ಕಳಿಸುತ್ತೇವೆ," ಎಂದರು. ನನಗೆ ಎಲ್ಲವೂ ಗೊತ್ತಿತ್ತು. ಊರಿಗೆ ಬಂದ ಹೊಸದರಲ್ಲಿ ಹುಡುಗ ನನ್ನ ಮುಂದೆ ಕುಳಿತು ಅತ್ತಿದ್ದ. ಎರಡು ದಿನ ಕಳೆದು ಬನ್ನಿ ಎಂದು ಅವರನ್ನು ಕಳುಹಿಸಿದೆ.

ಹೊಣೆ ನಿಲ್ಲುವುದೆಂದರೇನೆಂದು ನಮ್ಮ ಮನೆಯಲ್ಲಿ ಬಲ್ಲೆವು. ನನ್ನ ತಂದೆಯವರು ನೆರೆಯವರೊಬ್ಬರ ಬೆಳೆಸಾಲಕ್ಕೆ ಸಹಕಾರ ಸಂಘದಲ್ಲಿ ಜಾಮೀನು ಹಾಕಿದ್ದರು. ಸಾಲಗಾರ ಬೆಂಗಳೂರು ಸೇರಿದ; ನೋಟೀಸು ನಮ್ಮ ಮನೆಗೆ ಬಂತು. ತಂದೆಯವರು ಎತ್ತಿನ ಜೋಡಿಯನ್ನು ಮಾರಿ ಕಟ್ಟಿದರು. ಆ ವರ್ಷ ಬೇರೆಯವರ ಎತ್ತಿನಿಂದ ರಾಗಿ ಹೊಲ ಉತ್ತದ್ದು ನನಗೆ ನೆನಪಿದೆ. ಕೊಲ್ಲಿಯ ದೇಶಗಳಲ್ಲಿ ಹೊರಗಿನವನಿಗೆ ಹೊಣೆಯಾಗುವವನನ್ನು ಕಫೀಲ್ ಎನ್ನುತ್ತಾರೆ. ಆ ಮಾತಿನ ಅರ್ಥವೂ ಜಾಮೀನುದಾರನೆಂದೇ. ನಮ್ಮ ಜಾಮೀನು ಎಂಬ ಶಬ್ದ ಕೂಡ ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಮೂಲಕ ಬಂದದ್ದಷ್ಟೆ. ಇನ್ನೂ ಹಿಂದಕ್ಕೆ ಹೋದರೆ, ಸೇಲಂ ಜಿಲ್ಲೆಯಿಂದ ಸಿಂಹಳದ ತೋಟಗಳಿಗೆ ಆಳುಗಳನ್ನು ಕರೆದೊಯ್ಯುತ್ತಿದ್ದ ಕಂಗಾಣಿಯೂ ಊರಿನವನೇ ಆಗಿರುತ್ತಿದ್ದ. ದಾರಿಯ ಖರ್ಚನ್ನು ಅವನೇ ಮುಂಗಡ ಕೊಡುತ್ತಿದ್ದ, ಆ ಮುಂಗಡವೇ ಆಳಿನ ಕಾಲಿಗೆ ಸಂಕೋಲೆಯಾಗುತ್ತಿತ್ತು. ಊರಿನವನ ಮುಖ ನೋಡಿ ಹಡಗು ಹತ್ತುವ ವಾಡಿಕೆ ನಮ್ಮ ಕಡೆ ಹಳೆಯದು.

ಆ ಎರಡು ದಿನಗಳಲ್ಲಿ ತಿಳಿದವರನ್ನು ಕೇಳಿ ಕೆಲವು ಸಂಗತಿಗಳನ್ನು ಖಚಿತಪಡಿಸಿಕೊಂಡೆ. ಕರೆಸಿಕೊಳ್ಳುವವನು ಹಿಂದೊಮ್ಮೆ ಅವಧಿ ಮೀರಿ ನಿಂತಿದ್ದ ಕಳಂಕ ಬರುವವರಿಗೆ ಅಂಟುವುದೇ? ಅಂಟದು. ದೋಷವು ಮಾಡಿದವನದು, ಕ್ಷಮಾದಾನದಲ್ಲಿ ಅದು ತೀರಿಯೂ ಹೋಗಿತ್ತು. ಅಮೆರಿಕದ ಕಾನೂನಿನಲ್ಲಿಯೂ ತತ್ತ್ವ ಇದೇ. 1996ರ ಅವರ ಕಾಯಿದೆಯಂತೆ 180 ದಿನಕ್ಕೆ ಮೇಲ್ಪಟ್ಟು ಅಕ್ರಮವಾಗಿ ನಿಂತು ಹೊರಟವನಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ನಿಂತವನಿಗೆ ಹತ್ತು ವರ್ಷ ಪ್ರವೇಶವಿಲ್ಲ. ಆದರೆ ಅದು ಅವನೊಬ್ಬನಿಗೆ. ಭೇಟಿಗೆ ಹೋಗುವವನ ವಿಷಯದಲ್ಲಿ ಅಲ್ಲಿಯ ಅಧಿಕಾರಿ ಮುಖ್ಯವಾಗಿ ನೋಡುವುದು ಕರೆದವನ ಪತ್ರವನ್ನಲ್ಲ, ಇವನು ತಿರುಗಿ ಊರಿಗೆ ಬರುವವನೇ ಎಂಬುದನ್ನು. ಒಂದು ಅಂಶ ನನಗೆ ಬಹಳ ಹಿಡಿಸಿತು: ಅವಧಿ ಮೀರಿದ್ದಕ್ಕೆ ಹತ್ತು ವರ್ಷವಾದರೆ, ವೀಸಾಕ್ಕಾಗಿ ಬೇಕೆಂದೇ ಸುಳ್ಳು ಹೇಳಿದ್ದಕ್ಕೆ ಜೀವಮಾನದ ನಿಷೇಧ. ತಪ್ಪಿಗಿಂತ ಅದನ್ನು ಮುಚ್ಚುವುದಕ್ಕೆ ಹೆಚ್ಚಿನ ಶಿಕ್ಷೆ. ತರಗತಿಯಲ್ಲಿ ನಾವು ಮಾಡುವುದೂ ಅದನ್ನೇ.

ನಿಜವಾದ ಅಪಾಯ ಬೇರೆ ಕಡೆ ಇತ್ತು. ಭೇಟಿಯ ವೀಸಾ ಎಂದು ಹೆಸರಾದರೂ ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಕೆಲಸ. ಭೇಟಿಗೆ ಬಂದವನು ದುಡಿಯುವಂತಿಲ್ಲ. ದುಡಿಸಿಕೊಂಡವನಿಗೆ 2024ರ ತಿದ್ದುಪಡಿಯ ಪ್ರಕಾರ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡವಿದೆ. ಕೆಲಸ ಸಿಗದೆ ದಿನ ಮೀರಿದರೆ ದಿನಕ್ಕೆ 50 ದಿರ್ಹಂ. ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿ ನೋಡಿದೆ: ಒಂದು ವರ್ಷಕ್ಕೆ 18,250 ದಿರ್ಹಂ. ದಿರ್ಹಮಿಗೆ 23 ರೂಪಾಯಿ ಹಿಡಿದರೂ 4 ಲಕ್ಷ ದಾಟುತ್ತದೆ. ಆ ಹೊಲವನ್ನು ಅಡವಿಟ್ಟರೆ ಅಷ್ಟು ಹುಟ್ಟದು. ಅತಿಥಿ ಹೊರಡದಿದ್ದರೆ ಕರೆಸಿದವನಿಗೂ ತೊಂದರೆ ತಪ್ಪದು. ಇದಲ್ಲದೆ ಸ್ನೇಹಿತರಲ್ಲೊಬ್ಬ ಹತ್ತನೆಯ ತರಗತಿ ಪಾಸಾದವನಲ್ಲ. ಅಂಥವರ ಪಾಸ್‌ಪೋರ್ಟು ಇ.ಸಿ.ಆರ್. ವರ್ಗದ್ದು. 1983ರ ವಲಸೆ ಕಾಯಿದೆಯಂತೆ ಕೊಲ್ಲಿಯ ದೇಶಗಳೂ ಸೇರಿ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕು. ಭೇಟಿಗಾದರೆ ಅದು ಬೇಡವೆಂದು ಆ ಒಳದಾರಿ ಹಿಡಿಯುವವರುಂಟು. ಆ ಅನುಮತಿಯನ್ನು ಜನ ಅಡ್ಡಿಯೆಂದು ಬಗೆಯುತ್ತಾರೆ. ಅದು ಓದು ಕಡಮೆಯಾದವನಿಗೆ ಸರಕಾರ ಹಿಡಿದ ಕೊಡೆ ಎಂದು ನನ್ನ ಅಭಿಪ್ರಾಯ.

ಹುಡುಗನಿಗೆ ಫೋನು ಮಾಡಿದೆ. "ಸಾರ್, ಅವರ ಋಣ ನನ್ನ ಮೇಲಿದೆ. ಬೈಕು ಮಾರಿದವನಿಗೆ ನಾನು ಇಷ್ಟೂ ಮಾಡದಿದ್ದರೆ ಹೇಗೆ?" ಎಂದ.

"ಋಣ ತೀರಿಸಪ್ಪ, ಬೇಡವೆನ್ನುವುದಿಲ್ಲ. ಆದರೆ ಅವರ ತಂದೆಯರು ನನ್ನನ್ನು ಕೇಳುತ್ತಿದ್ದಾರೆ. ನಾನು ಸುಳ್ಳು ಹೇಳಲಾರೆ, ನಿನ್ನ ಗುಟ್ಟನ್ನು ನನ್ನ ಬಾಯಿಂದ ಬಿಡಲೂ ಆರೆ. ನೀನೇ ಹೇಳು," ಎಂದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ. ಭಾನುವಾರ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತ ಆ ಇಬ್ಬರು ಹಿರಿಯರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ. ಬೈಕಿನ ವಿಷಯವನ್ನೂ ಹೇಳಿದ. ಬೈಕು ಕಳುವಾಯಿತೆಂದೇ ಏಳು ವರ್ಷ ನಂಬಿದ್ದ ತಂದೆ ಒಮ್ಮೆ ಕೆಮ್ಮಿ, "ಆಗಲಿ ಬಿಡಪ್ಪ, ಒಳ್ಳೆಯ ಕೆಲಸಕ್ಕೇ ಹೋಯಿತು," ಎಂದಷ್ಟೇ ಹೇಳಿ ಎಲೆ ಅಡಿಕೆಗೆ ಕೈ ಹಾಕಿದರು.

ಸೆಪ್ಟೆಂಬರಿನ ಕೊನೆಗೆ ಅಲ್ಲಿಯ ಸರಕಾರವೇ ಒಂದು ನಿಯಮವನ್ನು ಪ್ರಕಟಿಸಿತು. ಹತ್ತಿರದ ಬಂಧುಗಳನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ವರಮಾನ ಬೇಕು, ದೂರದ ಬಂಧುಗಳಿಗೆ 8,000, ಸ್ನೇಹಿತರಿಗೆ 15,000. ರಕ್ತಸಂಬಂಧಕ್ಕಿಂತ ಸ್ನೇಹ ಎಷ್ಟು ದುಬಾರಿಯೆಂದು ಅವರು ಅಂಕಿಗಳಲ್ಲಿಯೇ ಬರೆದುಬಿಟ್ಟರು! ಹುಡುಗನ ಸಂಬಳ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹೀಗೆ ಆ ದಾರಿ ಮುಚ್ಚಿತು. ಹೊಲ ಉಳಿಯಿತು. ಆದರೆ ಹೊಲದ ಮನೆಯ ಮಗ ಇದನ್ನೆಲ್ಲ ನೆವವೆಂದೇ ತಿಳಿದಿದ್ದಾನೆ. ದುಬೈಗೆ ಫೋನು ಮಾಡುವುದನ್ನು ಬಿಟ್ಟಿದ್ದಾನೆ, ನನ್ನನ್ನು ಕಂಡರೂ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ಅವನು ಹತ್ತನೆಯ ತರಗತಿ ಪಾಸಾದವನು. ಸರಕಾರದಲ್ಲಿ ನೋಂದಣಿಯಾದ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ, ಅವರು 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಕಾಗದದಲ್ಲಿ ಬರೆದು ತಂದೆಯ ಕೈಯಲ್ಲಿ ಕೊಟ್ಟಿದ್ದೇನೆ. ಓದಿದನೋ ಇಲ್ಲವೋ ತಿಳಿಯದು.

ಬೈಕು ಮಾರಿದವನು ಮಾತ್ರ ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟುತ್ತೇನೆಂದು ಬಂದ. ಉಳಿದಿರುವುದು ಗಣಿತವೊಂದೇ. ಪುಸ್ತಕಕ್ಕೂ ಶುಲ್ಕಕ್ಕೂ ದುಬೈಯಿಂದ ಹಣ ಬಂತು. ಮೂವತ್ತು ದಾಟಿದ ಮೀಸೆಯವನು ಎಂಟರ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿಕೊಂಡು ಕುಳಿತುಕೊಳ್ಳುತ್ತಾನೆ. ಬೀಜಗಣಿತ ಕಂಡರೆ ಇನ್ನೂ ಬೆವರುತ್ತಾನೆ. ತ್ರಿಕೋನಮಿತಿ ಅರ್ಧಕ್ಕೆ ಬಂದಿದೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಆರಕ್ಕೆ ಶಾಲೆಯ ಬೀಗ ತೆಗೆದಿಡುತ್ತೇನೆ.