ಬೆಳ್ಳಿಯ ಕೆಂಪು

ಬೆಳ್ಳಿ ಎಂದರೆ ಬಿಳಿ ಎಂದು ನಮಗೆ ಹೆಸರೇ ಕಲಿಸಿಬಿಟ್ಟಿದೆ. ನೆಲದೊಳಗಿನ ಬೆಳ್ಳಿಗೆ ಆ ಹೆಸರಿನ ಹಂಗಿಲ್ಲ. ಗಂಧಕ ಕೂಡಿದರೆ ಅದು ಸೀಸದ ಹಾಗೆ ಕಪ್ಪು. ಕ್ಲೋರಿನ್ ಕೂಡಿದರೆ ಕೊಂಬಿನ ಚೂರಿನ ಹಾಗೆ ಮಾಸಲು. ಗಂಧಕದ ಜೊತೆ ಆರ್ಸೆನಿಕ್ಕೂ ಸೇರಿತೋ, ದಾಳಿಂಬೆ ಕಾಳಿನಂಥ ಕೆಂಪು. ಈ ಕೆಂಪು ಅದಿರಿಗೆ ಇಂಗ್ಲಿಷಿನಲ್ಲಿ ರೂಬಿ ಸಿಲ್ವರ್ ಎಂಬ ಹೆಸರಿದೆ, ಖನಿಜಶಾಸ್ತ್ರದಲ್ಲಿ ಪ್ರೂಸ್ಟೈಟ್. ಇದರ ತೂಕದಲ್ಲಿ ನೂರಕ್ಕೆ ಸುಮಾರು 65 ಪಾಲು ಬೆಳ್ಳಿಯೇ.

ಇವನ್ನೆಲ್ಲ ನಾನು ನೋಡಿದ್ದು ಗಣಿಯಲ್ಲಲ್ಲ, ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಲ್ಲಿ. ಲಂಡನ್ನಿನ ಜೇಮ್ಸ್ ಸೋವರ್ಬಿ 1802ರಿಂದ 1817ರವರೆಗೆ ಕಂತುಕಂತಾಗಿ ಹೊರತಂದ ‘ಬ್ರಿಟಿಷ್ ಮಿನರಾಲಜಿ’ಯಲ್ಲಿ 550 ಚಿತ್ರಫಲಕಗಳಿವೆ. ಸ್ಟುಟ್‌ಗಾರ್ಟಿನ ಪ್ರಾಧ್ಯಾಪಕ ಕುರ್ 1858ರಲ್ಲಿ ಪ್ರಕಟಿಸಿದ ಖನಿಜಗಳ ಚಿತ್ರಸಂಪುಟವೂ ಅದೇ ಪರಂಪರೆಯದು. ಸೋವರ್ಬಿಯ ಕಾಲದಲ್ಲಿ ತಾಮ್ರದ ತಗಡಿನಿಂದ ಅಚ್ಚಾಗುತ್ತಿದ್ದುದು ಗೆರೆಗಳು ಮಾತ್ರ. ಬಣ್ಣವನ್ನು ಪ್ರತಿಯೊಂದು ಹಾಳೆಗೂ ಕುಂಚದಿಂದಲೇ ತುಂಬಬೇಕಿತ್ತು. ಸೋವರ್ಬಿಯ ಮನೆಯವರೂ ಈ ಕೆಲಸಕ್ಕೆ ಕೈ ಜೋಡಿಸಿದ್ದರು. ಹೀಗೆ ಬಣ್ಣ ತುಂಬಿ ಹೊಟ್ಟೆ ಹೊರೆದ ಬಹುಪಾಲು ಜನರ ಹೆಸರು ಪುಸ್ತಕಗಳಲ್ಲಿ ಎಲ್ಲೂ ಇಲ್ಲ.

ಅವರ ಕೆಲಸದ ಕಷ್ಟ ಕಾಣುವುದು ಅಪ್ಪಟ ಬೆಳ್ಳಿಯ ಚಿತ್ರಗಳಲ್ಲಿ. ಕಲ್ಲಿನಿಂದ ತಂತಿಯಂತೆ ಸುರುಳಿಸುತ್ತಿ ಹೊರಬಂದ ಬೆಳ್ಳಿಯ ಹೊಳಪನ್ನು ಬಳಿಯಲು ಬರುವುದಿಲ್ಲ. ಪಕ್ಕದಲ್ಲಿ ನೆರಳು ಬರೆದು, ಹೊಳಪಿನ ಜಾಗದಲ್ಲಿ ಕಾಗದವನ್ನು ಹಾಗೇ ಬಿಡಬೇಕು.

ಆದರೂ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೆಂಪೇ. ಪ್ರೂಸ್ಟೈಟ್ ಬೆಳಕಿಗೆ ಆಗಿಬರುವ ಕಲ್ಲಲ್ಲ. ಬಹಳ ಕಾಲ ಬೆಳಕಿನಲ್ಲಿಟ್ಟರೆ ಅದರ ಕೆಂಪು ಕಪ್ಪಿಗೆ ತಿರುಗುತ್ತದೆ. ಸಂಗ್ರಹಕಾರರು ಅದನ್ನು ಕತ್ತಲಲ್ಲಿ ಮುಚ್ಚಿಡುವುದು ಇದಕ್ಕಾಗಿಯೇ. ಕ್ಲೋರಿನ್ ಕೂಡಿದ ಬೆಳ್ಳಿಯೂ ಹೀಗೆಯೇ ಬೆಳಕಿಗೆ ಕಪ್ಪಾಗುತ್ತದೆ. ಬೆಳ್ಳಿಯ ಲವಣಗಳ ಈ ಗುಣವನ್ನು ನೆಚ್ಚಿಕೊಂಡೇ 1839ರಲ್ಲಿ ಫೋಟೊಗ್ರಫಿ ಲೋಕಕ್ಕೆ ಬಂತು. ಕಾಲಕ್ರಮದಲ್ಲಿ ಬಣ್ಣದ ಮುದ್ರಣ ಮತ್ತು ಫೋಟೊ ಎರಡೂ ಸೇರಿ ಕುಂಚದವರ ಕೆಲಸವನ್ನು ಕಿತ್ತುಕೊಂಡವು. ಅವರು ಯಾವ ಬೆಳ್ಳಿಯ ಚಿತ್ರ ಬರೆದರೋ ಆ ಬೆಳ್ಳಿಯೇ ಅವರ ಅನ್ನಕ್ಕೆ ಎರವಾಯಿತು. ಬಹಳ ವರ್ಷ ಆ ಫೋಟೊಗೆ ಕೆಂಪನ್ನು ಕೆಂಪಾಗಿ ತೋರಿಸಲೂ ಬರುತ್ತಿರಲಿಲ್ಲ.

ಕೈಯಿಂದ ಬರೆದ ಚಿತ್ರವನ್ನು ನಾವು ಅಂದಕ್ಕೆ ಮೆಚ್ಚುತ್ತೇವೆ, ಪುರಾವೆಗೆ ಮಾತ್ರ ಫೋಟೊ ಕೇಳುತ್ತೇವೆ. ಈ ಕಲ್ಲಿನ ವಿಷಯದಲ್ಲಿ ನನಗೆ ಆ ಕುಂಚದ ಮೇಲೇ ಹೆಚ್ಚು ನಂಬಿಕೆ. ಒಂದೇ ಫಲಕದ ಎರಡು ಪ್ರತಿಗಳಲ್ಲಿ ಕೆಂಪು ತುಸು ಬೇರೆಯಾಗಿರಬಹುದು, ನಿಜ. ಎರಡು ಕೈಗಳ ಕೆಲಸ ಅದು. ಕಲ್ಲು ಕಪ್ಪಾಗುವ ಮೊದಲು ಅದನ್ನು ಕಂಡ ಕಣ್ಣಿನ ಸಾಕ್ಷಿ ಮಾತ್ರ ಎರಡರಲ್ಲೂ ಉಳಿದಿದೆ.