ಗೋಡೆಯಲ್ಲಿ ಪೈಪು, ಪೈಪಿನಲ್ಲಿ ಗಾಳಿ

ಪುಣೆಯಲ್ಲಿ ಹೊಸ ಫ್ಲ್ಯಾಟ್ ನೋಡಲು ಹೋದವರಿಗೆಲ್ಲ ಗೊತ್ತು: ಬ್ರೋಷರಿನಲ್ಲಿ ಈಜುಕೊಳ, ಜಿಮ್ಮಿನ ಪಕ್ಕದಲ್ಲೇ 'ಪೈಪ್ಡ್ ಗ್ಯಾಸ್' ಅಂತ ಇರುತ್ತದೆ. ನಮ್ಮದರಲ್ಲೂ ಇತ್ತು. ಜನವರಿಯಲ್ಲಿ ಕೀಲಿ ಸಿಕ್ಕಾಗ ಅಡುಗೆಮನೆ ಗೋಡೆಯಲ್ಲಿ ಪೈಪೂ ಇತ್ತು. ಗ್ಯಾಸ್ ಬಂದದ್ದು ಡಿಸೆಂಬರಿನಲ್ಲಿ.

ಬಿಲ್ಡರ್ ಕಡೆಯವರು 'ಮುಂದಿನ ವಾರ ಬರುತ್ತದೆ, ಸಿಲಿಂಡರ್ ಯಾಕೆ ಸುಮ್ಮನೆ' ಅನ್ನುತ್ತಿದ್ದರು. ಆ ವಾರಗಳಲ್ಲಿ ನಮ್ಮ ಮನೆ ನಡೆದದ್ದು ಇಂಡಕ್ಷನ್ ಒಲೆಯ ಮೇಲೆ. ಅನ್ನ ಸಾರಿಗೆ ತೊಂದರೆಯಿಲ್ಲ. ಆದರೆ ವಿಜಯಪುರದಿಂದ ಬಂದ ಅವ್ವನಿಗೆ ಜೋಳದ ರೊಟ್ಟಿ ಬೇಕು. ಹಂಚಿನಿಂದ ತೆಗೆದ ರೊಟ್ಟಿಯನ್ನು ಉರಿಗೆ ಹಿಡಿದು ಉಬ್ಬಿಸಬೇಕು. ಇಲ್ಲಿ ಉರಿಯೇ ಇಲ್ಲ. 'ಬೆಂಕಿ ಇಲ್ಲದ ಮನ್ಯಾಗ ನಾ ಏನ್ ಮಾಡ್ಲಪ್ಪಾ' ಅಂದವಳು ಇಪ್ಪತ್ತನೇ ದಿನಕ್ಕೆ ಊರಿಗೆ ಹೋದಳು. ನಮ್ಮ ಜೊತೆಗೇ ಇರಲಿ ಅಂತಲೇ ಮೂರು ಕೋಣೆಯ ಮನೆ ತೆಗೆದುಕೊಂಡಿದ್ದೆವು. ಆಮೇಲೆ 14.2 ಕೆಜಿಯ ಸಿಲಿಂಡರ್ ತಂದಿಟ್ಟೆ, ಅವಳು ಬರಲಿಲ್ಲ.

ತಡವಾದದ್ದು ಎಲ್ಲಿ ಅಂತ ಹುಡುಕಿದರೆ, ಕಟ್ಟಡದೊಳಗಿನ ಕೆಲಸ ಮುಗಿದಿತ್ತು. ಗೇಟಿನಿಂದ ರಸ್ತೆಯ ಮುಖ್ಯ ಕೊಳವೆಯವರೆಗಿನ ಸುಮಾರು 300 ಮೀಟರನ್ನು ಯಾರೂ ತಮ್ಮ ಕೆಲಸ ಅಂದುಕೊಂಡಿರಲಿಲ್ಲ. 'ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಓಡುತ್ತಿದೆ' ಅನ್ನುವವರು ನಮ್ಮ ಆಫೀಸಿನಲ್ಲೂ ಇದ್ದಾರೆ ಬಿಡಿ. ರಸ್ತೆ ಅಗೆಯಲು ಪಾಲಿಕೆಯ ಅನುಮತಿ ಬೇಕು, ದುರಸ್ತಿಯ ಹಣ ಮೊದಲೇ ಕಟ್ಟಬೇಕು. ಅರ್ಜಿ ಹೋದದ್ದೇ ಮೇ ತಿಂಗಳಲ್ಲಿ. ಜೂನಿನಲ್ಲಿ ಮಳೆ ಶುರು, ಅಗೆತ ಬಂದ್.

ಮಳೆಗಾಲ ಮುಗಿದರೂ ಹಣ ಕಟ್ಟಿರಲಿಲ್ಲ. ಆಗ ನಲವತ್ತು ಮನೆಯವರು ಸಹಿ ಹಾಕಿ ಪತ್ರ ಕೊಟ್ಟೆವು. 2016ರ ರೇರಾ ಕಾಯ್ದೆಯ 12ನೇ ಕಲಂ ಪ್ರಕಾರ, ಜಾಹೀರಾತಿನ ಸುಳ್ಳು ಮಾತು ನಂಬಿ ಹಣ ಕಟ್ಟಿದವರಿಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಬ್ರೋಷರಿನ ಆ ಪುಟವನ್ನೂ ಲಗತ್ತಿಸಿದೆವು. ಹದಿನೈದು ದಿನದಲ್ಲಿ ಹಣ ಕಟ್ಟಿಯಾಯಿತು. ಫ್ಲ್ಯಾಟ್ ನೋಡುತ್ತಿರುವವರು 'ಪೈಪು ಇದೆಯಾ' ಅಂತ ಕೇಳಬೇಡಿ, ರಸ್ತೆ ಅಗೆಯುವ ಅನುಮತಿಪತ್ರ ತೋರಿಸಿ ಅನ್ನಿ.

ಗ್ಯಾಸ್ ಬಂದ ದಿನ ಕೆಲಸದವನು ಒಲೆಯ ಜೆಟ್ ಬದಲಿಸಿದ; ಪೈಪಿನ ಗ್ಯಾಸಿಗೆ ದೊಡ್ಡ ತೂತು ಬೇಕಂತೆ. ಉರಿಯ ವಿಡಿಯೋ ಅವ್ವನಿಗೆ ಕಳಿಸಿದೆ. 'ಉರಿ ಸಣ್ಣದೈತಿ' ಅಂದಳು. ಸಂಕ್ರಾಂತಿ ಮುಗಿಸಿಕೊಂಡು ಬರುತ್ತಾಳಂತೆ, ಹಂಚು ಊರಿನದೇ ತರುತ್ತಾಳಂತೆ.